2 ಕೋಟಿ ಸಂಬಳ ಅಂತ ಬರೆದಿರಿ, ಅದು ಯಾವುದಕ್ಕೆ ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಅಮೆರಿಕದಲ್ಲಿ ನರ್ಸ್‌ಗೆ 2 ಕೋಟಿ ಸಂಬಳ ಅಂತ ಬಂದಿತ್ತಲ್ಲ, ಅದರ ಕಟಿಂಗನ್ನು ನನಗೆ ಇಲ್ಲಿಯವರೆಗೆ ಹನ್ನೊಂದು ಜನ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದಾರೆ. ಮೊದಲು ಕಳಿಸಿದ್ದು ಹಾಸನದ ನಮ್ಮ ಭಾವ. ಫೋಟೋ ಕೆಳಗೆ ಒಂದೇ ಸಾಲು, 'ನಮ್ಮ ಪುಟ್ಟಿಗೂ ಇದನ್ನೇ ಮಾಡಿಸೋಣ ಅಂತಿದೀವಿ.' ಪುಟ್ಟಿ ನನ್ನ ಅಕ್ಕನ ಮಗಳು, ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾದ ಎರಡನೇ ವರ್ಷ ಓದುತ್ತಿದ್ದಾಳೆ. ಮಾರನೇ ದಿನ ಅಕ್ಕನೇ ಫೋನ್ ಮಾಡಿ, ಬೆಂಗಳೂರಿನಲ್ಲಿ ಒಬ್ಬ ಏಜೆಂಟ್ ಇದ್ದಾನಂತೆ, ಅಡ್ವಾನ್ಸ್ ಕೊಟ್ಟರೆ ಎಲ್ಲ ಅವನೇ ನೋಡಿಕೊಳ್ಳುತ್ತಾನಂತೆ, ಅಡಿಕೆ ದುಡ್ಡು ಬಂದಿದೆ, ಕೊಟ್ಟುಬಿಡೋದಾ ಅಂತ ಕೇಳಿದಳು. ಅದಕ್ಕೇ ಈ ಪತ್ರ.

ನೀವು ಬರೆದ ಆ ನರ್ಸ್ ನಾನೇ. ನಾನೇ ಅಂದರೆ ಅದೇ ಕೆಲಸದವಳು. ಅಮೆರಿಕದ ಅಯೋವಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ನರ್ಸ್ ಅನೆಸ್ತೆಟಿಸ್ಟ್ ಆಗಿದ್ದೇನೆ. ಆಪರೇಷನ್‌ಗೆ ಮುಂಚೆ ರೋಗಿಗೆ ಮತ್ತು ಬರಿಸಿ, ಮುಗಿಯುವವರೆಗೆ ಅವರ ಉಸಿರು, ಬಿಪಿ, ಎದೆಬಡಿತ ನೋಡಿಕೊಂಡು, ಆಮೇಲೆ ಎಬ್ಬಿಸುವ ಕೆಲಸ. ನಮ್ಮ ಕಡೆ ಇದನ್ನು ಅರಿವಳಿಕೆ ತಜ್ಞ ಡಾಕ್ಟರೇ ಮಾಡುತ್ತಾರೆ, ನರ್ಸ್ ಮಾಡುವ ಹಾಗಿಲ್ಲ. ಹಾಗಾಗಿ ನಾನು ಏನು ಕೆಲಸ ಮಾಡುತ್ತೇನೆ ಅಂತ ನಮ್ಮ ಅಮ್ಮನಿಗೆ ಇವತ್ತಿಗೂ ಅರ್ಥವಾಗಿಲ್ಲ. 'ಅವಳು ಅಲ್ಲಿ ಇಂಜೆಕ್ಷನ್ ಕೊಡ್ತಾಳೆ' ಅಂತ ಹೇಳಿಕೊಂಡು ಬರುತ್ತಾರೆ. ಅದೂ ನಿಜವೇ ಬಿಡಿ.

ನಿಮ್ಮ ಲೇಖನದಲ್ಲಿ ಸುಳ್ಳಿಲ್ಲ. 2023ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯೇ ಕೊಟ್ಟ ಲೆಕ್ಕದಲ್ಲಿ ಈ ಕೆಲಸದವರ ನಡುಮಟ್ಟದ ಸಂಬಳ ವರ್ಷಕ್ಕೆ 2 ಲಕ್ಷದ 12 ಸಾವಿರ ಡಾಲರ್ ಚಿಲ್ಲರೆ. ರೂಪಾಯಿಗೆ ತಿರುಗಿಸಿದರೆ 2 ಕೋಟಿ ಹತ್ತಿರ ಹತ್ತಿರ ಹೋಗುತ್ತದೆ. ಆದರೆ ರೂಪಾಯಿಗೆ ಯಾಕೆ ತಿರುಗಿಸುತ್ತೀರಿ? ನಾನು ಡಾಲರ್‌ನಲ್ಲಿ ದುಡಿದು ಡಾಲರ್‌ನಲ್ಲೇ ತಿನ್ನುವವಳು. ಟ್ಯಾಕ್ಸು, ಮನೆ ಸಾಲ, ಓದಿದ ಸಾಲ ಎಲ್ಲ ಡಾಲರ್‌ನಲ್ಲೇ ಹೋಗುತ್ತವೆ. ಉಳಿದಿದ್ದು ಒಳ್ಳೆಯ ದುಡ್ಡೇ, ಇಲ್ಲ ಅನ್ನಲ್ಲ. ಅದನ್ನು ಯಾವುದಕ್ಕೆ ಕೊಡುತ್ತಾರೆ ಅನ್ನುವ ಸಾಲು ಮಾತ್ರ ನಿಮ್ಮ ಲೇಖನದಲ್ಲಿ ಹುಡುಕಿದರೂ ಸಿಗಲಿಲ್ಲ.

ನರ್ಸ್ ಯಾಕೆ ಮತ್ತು ಬರಿಸುತ್ತಾರೆ ಅನ್ನುವುದಕ್ಕೆ ಒಂದು ಕಥೆ ಇದೆ. 1846ರ ಅಕ್ಟೋಬರ್ 16ಕ್ಕೆ ಬಾಸ್ಟನ್‌ನಲ್ಲಿ ಮಾರ್ಟನ್ ಅನ್ನುವವನು ಎಲ್ಲರೆದುರು ಈಥರ್ ಅನ್ನುವ ಮತ್ತಿನ ಔಷಧಿ ಮೂಸಿಸಿ ಆಪರೇಷನ್ ಮಾಡಿಸಿ ತೋರಿಸಿದ. ಅಲ್ಲಿಂದ ಆಪರೇಷನ್‌ಗಳು ಹೆಚ್ಚಾದವು. ಆದರೆ ಈಥರ್ ಹಿಡಿದು ನಿಲ್ಲಲು ಜನ ಇರಲಿಲ್ಲ. ಕಲಿಯುವ ಹುಡುಗರನ್ನು ನಿಲ್ಲಿಸಿದರೆ ಅವರ ಕಣ್ಣೆಲ್ಲ ಸರ್ಜನ್ ಕೈ ಮೇಲೆ, ರೋಗಿ ನೀಲಿಯಾದರೂ ಗೊತ್ತಾಗುತ್ತಿರಲಿಲ್ಲ. ಆಗ ಸರ್ಜನ್‌ಗಳು ಸಿಸ್ಟರ್‌ಗಳನ್ನು ಕರೆದರು, ಇವರಾದರೂ ರೋಗಿಯ ಮುಖ ನೋಡುತ್ತಾರಲ್ಲ ಅಂತ. 1877ರಲ್ಲಿ ಪೆನ್ಸಿಲ್ವೇನಿಯಾದ ಈರಿ ಊರಿನಲ್ಲಿ ಸಿಸ್ಟರ್ ಮೇರಿ ಬರ್ನಾರ್ಡ್ ಅನ್ನುವ ಕ್ರೈಸ್ತ ಸನ್ಯಾಸಿನಿ ಈ ಕೆಲಸಕ್ಕೆ ನಿಂತರು. ಆಮೇಲೆ ಮಿನೆಸೋಟದಲ್ಲಿ ಮೇಯೋ ಸಹೋದರರು ಅನ್ನುವ ಸರ್ಜನ್‌ಗಳ ಜೊತೆ ಇದ್ದ ಆಲಿಸ್ ಮಗಾ. ಈಕೆ 1906ರಲ್ಲಿ ತಾನು ಮಾಡಿದ ಹದಿನಾಲ್ಕು ಸಾವಿರಕ್ಕೂ ಜಾಸ್ತಿ ಕೇಸಿನ ಲೆಕ್ಕ ಅಚ್ಚು ಮಾಡಿಸಿದರು, ಮತ್ತಿನಿಂದ ಸತ್ತವರು ಒಬ್ಬರೂ ಇಲ್ಲ. ಮಾನಿಟರ್ ಇಲ್ಲದ ಕಾಲ. ಬರೀ ಕಣ್ಣು, ಕಿವಿ, ನಾಡಿ ಮೇಲೆ ಬೆರಳು. ಇನ್ನೊಂದು ವಿಷಯ, ಆಕೆ ರೋಗಿ ಜೊತೆ ಮೆಲ್ಲಗೆ ಮಾತಾಡುತ್ತಾ ಮಾತಾಡುತ್ತಾ ನಿದ್ದೆ ಬರಿಸುತ್ತಿದ್ದರಂತೆ, ಅದರಿಂದ ಈಥರ್ ಕಡಿಮೆ ಸಾಕಾಗುತ್ತಿತ್ತಂತೆ. ಕಾಲೇಜಿನಲ್ಲಿ ಇದನ್ನು ಓದಿದಾಗ ಸುಮ್ನೆ ಹೊಗಳಿಕೆ ಅಂದುಕೊಂಡಿದ್ದೆ.

ಈಗ ನನ್ನ ಒಂದು ಬೆಳಗ್ಗೆ ಹೇಳುತ್ತೇನೆ. ಐದೂ ಮುಕ್ಕಾಲಿಗೆ ಆಪರೇಷನ್ ಥಿಯೇಟರ್ ಒಳಗೆ ಇರಬೇಕು. ಮೊದಲು ಮಷೀನ್ ಚೆಕ್, ಆಕ್ಸಿಜನ್ ಲೈನ್, ಬ್ಯಾಕಪ್ ಸಿಲಿಂಡರ್, ಲೀಕ್ ಇದೆಯಾ, ಗಂಟಲಿನ ದ್ರವ ಹೀರುವ ಸಕ್ಷನ್ ಎಳೆಯುತ್ತಾ. ಸಕ್ಷನ್ ಆನ್ ಮಾಡದೆ ಕೇಸ್ ಶುರು ಮಾಡುವವಳಿಗೆ ನಾನು ನನ್ನ ಬೆಕ್ಕನ್ನೂ ಕೊಡಲ್ಲ. ಆಮೇಲೆ ಸಿರಿಂಜುಗಳು, ಒಂದೊಂದಕ್ಕೂ ಬಣ್ಣದ ಲೇಬಲ್. ನಿದ್ದೆ ಬರಿಸುವ, ಹಾಲಿನ ಹಾಗೆ ಬೆಳ್ಳಗಿರುವ ಪ್ರೊಪೊಫಾಲ್ ಒಂದನ್ನು ನೋಡಿದ ತಕ್ಷಣ ಗುರುತು ಹಿಡಿಯಬಹುದು, ಉಳಿದಿದ್ದೆಲ್ಲ ನೀರಿನ ಹಾಗೇ ಕಾಣುತ್ತವೆ. ಬಿಪಿ ಏರಿಸುವುದೂ ನೀರೇ, ಮೈಯ ಸ್ನಾಯುಗಳನ್ನೆಲ್ಲ ಕಟ್ಟಿಹಾಕಿ ಉಸಿರು ನಿಲ್ಲಿಸುವುದೂ ನೀರೇ. 2017ರಲ್ಲಿ ಟೆನೆಸ್ಸಿ ರಾಜ್ಯದಲ್ಲಿ ಒಬ್ಬ ನರ್ಸ್, ಆಕೆ ನಮ್ಮ ವಿಭಾಗದವಳಲ್ಲ, ಗಾಬರಿ ಇಳಿಸುವ ಔಷಧಿ ಬದಲು ಈ ಕಟ್ಟಿಹಾಕುವ ಔಷಧಿ ಕೊಟ್ಟು ಒಬ್ಬ ಅಜ್ಜಿ ತೀರಿಕೊಂಡರು. 2022ರಲ್ಲಿ ಕೋರ್ಟು ಆ ನರ್ಸ್ ಅಪರಾಧಿ ಅಂತ ತೀರ್ಪು ಕೊಟ್ಟಿತು. ಅವತ್ತು ನಮ್ಮ ಊಟದ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ನಾನಂತೂ ಅವತ್ತಿನಿಂದ ಲೇಬಲನ್ನು ಬಾಯಿಬಿಟ್ಟು ಜೋರಾಗಿ ಓದುತ್ತೇನೆ, ಹೊಸಬರು ನಕ್ಕರೂ ಸರಿ.

ರೋಗಿ ಬಂದ ಮೇಲೆ ಮೊದಲ ಪ್ರಶ್ನೆ, ಏನು ತಿಂದಿರಿ, ಯಾವಾಗ ತಿಂದಿರಿ. ಇದಕ್ಕೆ ನಿಜ ಹೇಳುವವರು ಪ್ರಪಂಚದಲ್ಲೇ ಕಡಿಮೆ. ಬೆಂಗಳೂರಿನಲ್ಲಿ ನಾನು ಐಸಿಯು ನರ್ಸ್ ಆಗಿದ್ದಾಗ, ಮಗು ಅಳುತ್ತೆ ಅಂತ ಸೆರಗಿನ ಮರೆಯಲ್ಲಿ ಬಿಸ್ಕತ್ತು ಕೊಟ್ಟ ತಾಯಂದಿರನ್ನು ನೋಡಿದ್ದೇನೆ. ಇಲ್ಲಿನ ರೈತರು ಬೆಳಗ್ಗೆ ಹಾಲು ಹಾಕಿದ ಕಾಫಿ ಕುಡಿದು ಬಂದು 'ಅದೇನು ಊಟವಾ' ಅನ್ನುತ್ತಾರೆ. ಈಗ ಹೊಸದಾಗಿ ಓಜೆಂಪಿಕ್ ಬಂದಿದೆ. ತೂಕ ಇಳಿಸಲು ತೆಗೆದುಕೊಳ್ಳುತ್ತಾರೆ, ಯಾರಿಗೂ ಹೇಳಿಕೊಳ್ಳಲ್ಲ. ಅದು ಹೊಟ್ಟೆಯಲ್ಲಿರುವುದನ್ನು ಬೇಗ ಕೆಳಗೆ ಬಿಡುವುದಿಲ್ಲ, ರಾತ್ರಿ ತಿಂದಿದ್ದು ಬೆಳಗ್ಗೆಗೂ ಅಲ್ಲೇ ಇರಬಹುದು. ಮತ್ತು ಬರಿಸಿದ ನಂತರ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಹರ್ನಿಯಾ ಆಪರೇಷನ್‌ಗೆ ಅಂತ ನಡೆದುಕೊಂಡು ಬಂದವರು ವೆಂಟಿಲೇಟರ್ ಮೇಲೆ ಮಲಗಬೇಕಾಗುತ್ತದೆ.

ಆಮೇಲೆ ಆ ಎರಡು ನಿಮಿಷ. ಮಾಸ್ಕ್ ಇಟ್ಟು ಆಕ್ಸಿಜನ್ ತುಂಬಿಸಿ, ಔಷಧಿ ಕೊಟ್ಟಾಗ ರೋಗಿಯ ಉಸಿರು ನಿಲ್ಲುತ್ತದೆ. ನಿಲ್ಲಿಸಿದ್ದು ನಾನೇ. ಗಂಟಲಲ್ಲಿ ಟ್ಯೂಬ್ ಹಾಕಿ ಅದನ್ನು ವಾಪಸ್ ಕೊಡಬೇಕಾದವಳೂ ನಾನೇ. ನೂರಕ್ಕೆ ತೊಂಬತ್ತು ಸಲ ಹೂ ಎತ್ತಿದ ಹಾಗೆ ಆಗಿಬಿಡುತ್ತದೆ. ಆಗದೇ ಹೋದಾಗ, ಬೀಪ್ ಬೀಪ್ ಅನ್ನುವ ಆ ಮಾನಿಟರ್ ಇದೆಯಲ್ಲ, ರಕ್ತದಲ್ಲಿ ಆಕ್ಸಿಜನ್ ಇಳಿದ ಹಾಗೆ ಅದರ ಸ್ವರವೂ ಇಳಿಯುತ್ತಾ ಹೋಗುತ್ತದೆ. ತಿರುಗಿ ನೋಡಬೇಕಾಗಿಲ್ಲ, ಕಿವಿಗೇ ಗೊತ್ತಾಗುತ್ತದೆ. ಹಾಸನಕ್ಕೆ ರಜಕ್ಕೆ ಹೋದಾಗ ದೇವಸ್ಥಾನದಲ್ಲಿ ಯಾರೋ ನಾದಸ್ವರದಲ್ಲಿ ಮೇಲಿಂದ ಕೆಳಕ್ಕೆ ಎಳೆದರು, ನನ್ನ ಕೈ ತಾನೇ ತಾನಾಗಿ ಪಕ್ಕದವರ ಗದ್ದ ಎತ್ತಲು ಹೋಯಿತು. ಪಕ್ಕದಲ್ಲಿದ್ದದ್ದು ಪುಣ್ಯಕ್ಕೆ ಅಕ್ಕ.

ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ನಾಲ್ಕು ಥಿಯೇಟರಿಗೆ ಒಬ್ಬ ಅರಿವಳಿಕೆ ಡಾಕ್ಟರ್, ಒಂದೊಂದರಲ್ಲೂ ನಮ್ಮಂಥ ಒಬ್ಬ ನರ್ಸ್, ಹೀಗೆ ನಡೆಯುತ್ತದೆ. ಸರ್ಕಾರಿ ವಿಮೆಯ ನಿಯಮದ ಪ್ರಕಾರ ಈ ಲೆಕ್ಕದಲ್ಲಿ ಬಿಲ್ ಹಾಕಬೇಕಾದರೆ ಮತ್ತು ಬರಿಸುವಾಗ ಡಾಕ್ಟರ್ ಖುದ್ದಾಗಿ ಇರಬೇಕು. ನಾಲ್ಕೂ ರೂಮಿನಲ್ಲಿ ಏಳೂವರೆಗೇ ಕೇಸ್ ಶುರುವಾಗುತ್ತದೆ. ಒಬ್ಬರು ನಾಲ್ಕು ಕಡೆ ಹೇಗೆ ಇರುತ್ತಾರೆ ಅಂತ ಕೇಳಬೇಡಿ. ನಾನಿರುವ ಕಡೆ ಆ ತಾಪತ್ರಯವೇ ಇಲ್ಲ, ಯಾಕೆಂದರೆ ಅರಿವಳಿಕೆ ಡಾಕ್ಟರೇ ಇಲ್ಲ. ನಮ್ಮದು 25 ಹಾಸಿಗೆಯ ಆಸ್ಪತ್ರೆ. ಅಯೋವಾ 2001ರಲ್ಲೇ, ನರ್ಸ್ ಅನೆಸ್ತೆಟಿಸ್ಟ್ ಮೇಲೆ ಡಾಕ್ಟರ್ ಉಸ್ತುವಾರಿ ಕಡ್ಡಾಯ ಬೇಡ ಅಂತ ಕೇಂದ್ರದ ನಿಯಮದಿಂದ ಹೊರಗೆ ಬಂದ ಮೊದಲ ರಾಜ್ಯ. ಅದು ನಮ್ಮ ಮೇಲಿನ ಪ್ರೀತಿಯಿಂದ ಮಾಡಿದ್ದು ಅಂದುಕೊಳ್ಳಬೇಡಿ. ಜೋಳದ ಹೊಲದ ನಡುವಿನ ಊರಿಗೆ ಬಂದು ಇರಲು ಡಾಕ್ಟರುಗಳು ಸಿಗಲ್ಲ, ಅಷ್ಟೇ. ನಮ್ಮ ತಾಲ್ಲೂಕು ಆಸ್ಪತ್ರೆಗಳ ಕಥೆಯೂ ಅದೇ ಅಲ್ವಾ?

ನಾವು ಇಬ್ಬರೇ ಇದ್ದೇವೆ, ಒಂದು ವಾರ ಅವನು, ಒಂದು ವಾರ ನಾನು. ನನ್ನ ವಾರ ಬಂದರೆ ಏಳು ದಿನವೂ 24 ಗಂಟೆ ಫೋನ್ ತಲೆಯ ಹತ್ತಿರ, ಆಸ್ಪತ್ರೆಗೆ ಅರ್ಧ ಗಂಟೆಯೊಳಗೆ ಮುಟ್ಟುವಷ್ಟು ದೂರದಲ್ಲೇ ಇರಬೇಕು. ಒಬ್ಬಳೇ ಮಗಳ ಶಾಲೆಯ ನಾಟಕವನ್ನು ನಾನು ಪೂರ್ತಿ ನೋಡಿದ್ದು ಒಂದೇ ಸಲ. ಸುಗ್ಗಿ ಕಾಲದಲ್ಲಿ ಮಷೀನಿಗೆ ಕೈ ಕೊಟ್ಟವರು ಬರುತ್ತಾರೆ. ಜನವರಿಯಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋದ ರಾತ್ರಿಗಳಲ್ಲಿ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಾ, ಹೆರಿಗೆ ವಾರ್ಡಿನಲ್ಲಿ ಮಗುವಿನ ಎದೆಬಡಿತ ಇಳಿಯುತ್ತಿದೆ ಅಂತ ಹೇಳಿ ಐದು ನಿಮಿಷ ಆಯಿತಲ್ಲ ಅಂತ ಲೆಕ್ಕ ಹಾಕಿದ್ದೇನೆ. ಹೆರಿಗೆ, ಆಕ್ಸಿಡೆಂಟು, ಎಮರ್ಜೆನ್ಸಿಯಲ್ಲಿ ಉಸಿರು ಸಿಗದವರು, ಎಲ್ಲದಕ್ಕೂ ಅದೇ ಫೋನ್. 2020ರಲ್ಲಿ ಕೋವಿಡ್ ಬಂದಾಗ ನಮ್ಮ ಸುತ್ತಮುತ್ತಲಿನ ಮಾಂಸದ ಫ್ಯಾಕ್ಟರಿಗಳಿಂದ ರೋಗಿಗಳು ಬಂದರು. ಗಂಟಲಿಗೆ ಟ್ಯೂಬ್ ಹಾಕುವಾಗ ಅವರ ಬಾಯಿಗೆ ಎಲ್ಲರಿಗಿಂತ ಹತ್ತಿರ ಮುಖ ಇಡುವವರು ನಾವು. ಆ ಮೂರು ತಿಂಗಳು ನಾನು ಗ್ಯಾರೇಜಿನಲ್ಲಿ ಮಲಗಿದೆ. ಅದರ ಬಗ್ಗೆ ಇನ್ನೇನೂ ಹೇಳಲ್ಲ.

ಹೇಳಲೇಬೇಕಾದ ಇನ್ನೊಂದಿದೆ, ನಮ್ಮವರು ಯಾರೂ ಬಾಯಿ ಬಿಡುವುದಿಲ್ಲ. ನೋವು ತಡೆಯುವ ಫೆಂಟನಿಲ್, ಪ್ರೊಪೊಫಾಲ್‌ನಂಥ ಔಷಧಿಗಳು ದಿನಾ ನಮ್ಮ ಕೈಯಲ್ಲೇ ಇರುತ್ತವೆ. ಉಳಿದ ಹನಿಯನ್ನೂ ಇನ್ನೊಬ್ಬರ ಕಣ್ಣೆದುರು ಚೆಲ್ಲಿ ಸಹಿ ಹಾಕಿಸಬೇಕು ಅನ್ನುವ ನಿಯಮ ಸುಮ್ನೆ ಬಂದಿಲ್ಲ. ನನ್ನ ಬ್ಯಾಚಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೆಲಸ ಕಲಿತವನು, ಬೆನ್ನು ನೋವು, ನಿದ್ದೆ ಇಲ್ಲ ಅಂತ ಆ ಔಷಧಿಗಳನ್ನೇ ತಾನು ತೆಗೆದುಕೊಳ್ಳಲು ಶುರು ಮಾಡಿಕೊಂಡ. ಒಂದು ದಿನ ಸ್ಟಾಫ್ ಬಾತ್‌ರೂಮಿನ ಬಾಗಿಲು ಒಡೆದು ತೆಗೆಯಬೇಕಾಯಿತು. ಅವನ ಹೆಂಡತಿಗೆ ಆಸ್ಪತ್ರೆಯವರು ಹಾರ್ಟ್ ಅಂತ ಹೇಳಿದರು. ನಮಗೆಲ್ಲ ಗೊತ್ತಿತ್ತು. ಈಗ ನಮ್ಮ ಸಂಘದವರು ಇಂಥವರಿಗಾಗಿಯೇ ಸಹಾಯವಾಣಿ ನಡೆಸುತ್ತಾರೆ, ಹೆಸರು ಹೊರಗೆ ಬರದ ಹಾಗೆ ಚಿಕಿತ್ಸೆಗೆ ದಾರಿ ತೋರಿಸುತ್ತಾರೆ. ಅವನಿಗೂ ಆ ನಂಬರ್ ಗೊತ್ತಿತ್ತು.

ಇನ್ನು 'ಡಾಕ್ಟರ್' ಅನ್ನುವ ಪದದ ಜಗಳ. ನಾನು ಓದುವಾಗ ಇದು ಮಾಸ್ಟರ್ಸ್ ಆಗಿತ್ತು. 2022ರಿಂದ ಈ ಕೋರ್ಸಿಗೆ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದ ಮೂರು ವರ್ಷದ ಓದು ಓದಲೇಬೇಕು. ಅವರು ಡಾಕ್ಟರ್ ಅಂತ ಹೇಳಿಕೊಳ್ಳಬಹುದಾ ಬೇಡವಾ? 1931ರಲ್ಲಿ ಶುರುವಾದ ನಮ್ಮ ಸಂಘ 2021ರಲ್ಲಿ ತನ್ನ ಹೆಸರಿನೊಳಗೆ 'ಅನೆಸ್ತೀಸಿಯಾಲಜಿ' ಅನ್ನುವ, ಅರಿವಳಿಕೆ ಡಾಕ್ಟರುಗಳು ತಮ್ಮದೆನ್ನುವ ಪದ ಸೇರಿಸಿಕೊಂಡಾಗ ಅವರ ಸಂಘಕ್ಕೆ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಕೇಳಿದರೆ ಎರಡೂ ಕಡೆಯವರಿಗೆ ಬೇರೆ ಕೆಲಸ ಇದ್ದ ಹಾಗಿಲ್ಲ. ನಾನು ರೋಗಿಯ ಹತ್ತಿರ ಹೋಗಿ 'ನಾನು ನರ್ಸ್, ನಿಮಗೆ ನಿದ್ದೆ ಬರಿಸಿ ಎಬ್ಬಿಸುವವಳು ನಾನೇ' ಅನ್ನುತ್ತೇನೆ. ಕೆಲವರ ಮುಖ ಸಣ್ಣದಾಗುತ್ತದೆ, 'ಡಾಕ್ಟರ್ ಬರಲ್ವಾ' ಅನ್ನುತ್ತಾರೆ. ಮೊದಲೆಲ್ಲ ನೋವಾಗುತ್ತಿತ್ತು. ಬಣ್ಣ, ಉಚ್ಚಾರಣೆ, ನರ್ಸ್ ಅನ್ನುವ ಪದ, ಇದರಲ್ಲಿ ಯಾವುದು ಅವರಿಗೆ ಹಿಡಿಸಲಿಲ್ಲ ಅಂತ ಹುಡುಕುತ್ತಾ ಕೂರುತ್ತಿದ್ದೆ. ಈಗ ಬಿಟ್ಟಿದ್ದೇನೆ.

ಮುಂಚೆ ದೊಡ್ಡ ಊರಿನಲ್ಲಿದ್ದಾಗ ಒಂದು ಸಲ ಒಬ್ಬ ಅಜ್ಜಿ ಬಂದಿದ್ದರು. ಮಗನ ಮನೆಗೆ ಅಂತ ಬಂದವರಿಗೆ ಪಿತ್ತಕೋಶದ ಕಲ್ಲು. ಮಗ ಹೊರಗೆ ನಿಂತಿದ್ದಾನೆ, ಇವರಿಗೆ ಇಂಗ್ಲಿಷ್ ಬರಲ್ಲ, ಬಿಪಿ ಇನ್ನೂರು ದಾಟಿದೆ. ಥಿಯೇಟರ್ ನರ್ಸ್ ಬಂದು ಒಡವೆ ತೆಗೆಯಬೇಕು ಅಂತ ಕೈಸನ್ನೆ ಮಾಡುತ್ತಿದ್ದಾಳೆ, ಅಜ್ಜಿ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಿಡುತ್ತಿಲ್ಲ. ನಾನು ಹೋಗಿ 'ಅಜ್ಜಿ, ಯಾವೂರಾಯ್ತು' ಅಂದೆ ನೋಡಿ, ಅವರು ಅತ್ತೇಬಿಟ್ಟರು. ಅರಸೀಕೆರೆ ಹತ್ತಿರದವರು. ಬ್ಯಾಂಡೇಜ್ ದಾರ ತಂದು, ಅವರ ಪರ್ಸಿನಲ್ಲೇ ಇದ್ದ ಅರಿಶಿನ ಸವರಿ ಕತ್ತಿಗೆ ಕಟ್ಟಿ ತಾಳಿ ತೆಗೆಸಿದೆ. ಆಮೇಲೆ ಅವರ ಮನೆ ತೆಂಗಿನ ತೋಟದ ಬಗ್ಗೆ ಕೇಳುತ್ತಾ ಕೇಳುತ್ತಾ ಔಷಧಿ ಕೊಟ್ಟೆ. ನುಸಿ ರೋಗದ ಬಗ್ಗೆ ಬೈಯುತ್ತಲೇ ನಿದ್ದೆ ಹೋದರು. ದಿನಾ ಕೊಡುವುದಕ್ಕಿಂತ ಕಡಿಮೆ ಔಷಧಿ ಸಾಕಾಯಿತು. ಆಲಿಸ್ ಮಗಾ ವಿಷಯ ಹೊಗಳಿಕೆ ಅಲ್ಲ ಅಂತ ಅವತ್ತು ಗೊತ್ತಾಯಿತು.

ಈಗ ಪುಟ್ಟಿ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿಮ್ಮ ಲೇಖನ ಓದಿ ನೂರಾರು ಪುಟ್ಟಿಯರ ಅಪ್ಪಂದಿರು ಏಜೆಂಟರ ಹತ್ತಿರ ಹೋಗುತ್ತಾರೆ. ಜಿಎನ್‌ಎಂ ಸಾಲದು, ಬಿಎಸ್ಸಿ ನರ್ಸಿಂಗ್ ಬೇಕು, ಅಂದರೆ ಅವಳು ಮುಗಿಸಿದ ಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬೇಕು. ಆಮೇಲೆ ಅಮೆರಿಕದಲ್ಲಿ ನರ್ಸ್ ಲೈಸೆನ್ಸ್ ಸಿಗಲು ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ. ಬೆಂಗಳೂರಿನಲ್ಲೇ ಬರೆಯಬಹುದು, ಓದುವವರಿಗೆ ಕಷ್ಟವೇನಲ್ಲ. ಇಂಗ್ಲಿಷ್ ಪರೀಕ್ಷೆ. ಅಲ್ಲಿಂದ ಗ್ರೀನ್ ಕಾರ್ಡ್ ಸಾಲು. ನಾನು ಬಂದಿದ್ದು 2006ರಲ್ಲಿ. ಅದರ ಹಿಂದಿನ ವರ್ಷ ನರ್ಸ್‌ಗಳ ವರ್ಗಕ್ಕೆ ಅಂತ 50 ಸಾವಿರ ವೀಸಾ ಬೇರೆ ತೆಗೆದಿಟ್ಟಿದ್ದರು, ಆ ಬಾಗಿಲು ತೆರೆದಿದ್ದ ಸ್ವಲ್ಪ ಹೊತ್ತಿನಲ್ಲಿ ನಾನು ನುಗ್ಗಿದೆ. ಈಗ ಭಾರತದಲ್ಲಿ ಹುಟ್ಟಿದ ನರ್ಸ್‌ಗಳಿಗೆ ಆ ಸಾಲು ಹತ್ತು ವರ್ಷಕ್ಕೂ ಜಾಸ್ತಿ ಇದೆ. ಬಂದ ಮೇಲೂ ನೇರವಾಗಿ ಈ ಕೋರ್ಸ್ ಸಿಗಲ್ಲ. ಐಸಿಯುನಲ್ಲಿ ಕಡಿಮೆಯೆಂದರೆ ಒಂದು ವರ್ಷ ಕೆಲಸ ಮಾಡಿರಬೇಕು, ನಿಜವಾಗಿ ಸೀಟು ಸಿಗುವವರಿಗೆ ಎರಡು ಮೂರು ವರ್ಷದ ಅನುಭವ ಇರುತ್ತದೆ. ಆಮೇಲೆ ಮೂರು ವರ್ಷ ಓದು, ಆ ಮೂರು ವರ್ಷ ದುಡಿಯಲು ಹೆಚ್ಚು ಕಡಿಮೆ ಆಗುವುದೇ ಇಲ್ಲ, ಅಷ್ಟು ಗಂಟೆ ಥಿಯೇಟರಿನಲ್ಲಿ ನಿಲ್ಲಬೇಕು. ನನ್ನ ಕೈಕೆಳಗೆ ಕಲಿಯಲು ಬರುವ ಹುಡುಗ ಹುಡುಗಿಯರ ತಲೆ ಮೇಲೆ ಒಂದೂವರೆ, ಎರಡು ಲಕ್ಷ ಡಾಲರ್ ಸಾಲ ಇರುವುದನ್ನು ನೋಡಿದ್ದೇನೆ. ಸರ್ಕಾರ ಇಂಥ ಓದಿಗೆ ಪೂರ್ತಿ ಖರ್ಚಿಗೆ ಕೊಡುತ್ತಿದ್ದ ಗ್ರಾಜುಯೇಟ್ ಪ್ಲಸ್ ಸಾಲಕ್ಕೆ 2026ರ ಜುಲೈ 1ರಿಂದ ಹೊಸಬರು ಅರ್ಜಿ ಹಾಕುವಂತಿಲ್ಲ ಅಂತ ಕಾನೂನು ಮಾಡಿಯಾಗಿದೆ. ಪುಟ್ಟಿಗೆ ಈಗ ಇಪ್ಪತ್ತು. ಎಲ್ಲ ಸರಿಯಾಗಿ ನಡೆದರೆ ನಲವತ್ತರ ಹತ್ತಿರ ನೀವು ಬರೆದ ಆ 2 ಕೋಟಿ ನೋಡುತ್ತಾಳೆ. ಏಜೆಂಟ್ ಇದರಲ್ಲಿ ಯಾವುದನ್ನೂ ಬೇಗ ಮಾಡಿಸಲಾರ.

ಹಾಗಂತ ಬರಲೇಬೇಡ ಅಂತ ನಾನು ಹೇಳುತ್ತಿಲ್ಲ. ಅವಳಿಗೆ ನಾನೇ ಹೇಳಿದೆ, ಮೊದಲು ಬಿಎಸ್ಸಿ ಮುಗಿಸು, ಯಾವುದಾದರೂ ಒಳ್ಳೆಯ ಐಸಿಯು ಸೇರು, ವೆಂಟಿಲೇಟರ್ ಮೇಲೆ ಕೈ ಕೂರಲಿ. ರಾತ್ರಿ ಮೂರು ಗಂಟೆಗೆ ಒಬ್ಬಳೇ ಇದ್ದಾಗ ಬಿಪಿ ಬಿದ್ದರೆ ನಿನಗೆ ಕೈಕಾಲು ನಡುಗುತ್ತಾ, ಇಲ್ಲಾ ಎಲ್ಲ ನಿಚ್ಚಳವಾಗಿ ಕಾಣುತ್ತಾ ಅಂತ ನೋಡಿಕೋ. ಎರಡನೆಯದಾದರೆ ನನಗೆ ಫೋನ್ ಮಾಡು ಅಂದೆ. 'ಚಿಕ್ಕಮ್ಮ, ನಿಮಗೆ ಏನಾಗಿತ್ತು' ಅಂದಳು. ಮೊದಲ ಸಲ ನಡುಗಿತ್ತು ಅಂತ ಒಪ್ಪಿಕೊಂಡೆ.

ಕೊನೆಗೆ ಒಂದು ಕೋರಿಕೆ. ಅಮೆರಿಕದ ನಮ್ಮನ್ನು ಬಿಡಿ, ನಿಮ್ಮ ವರದಿಗಾರರನ್ನು ಒಂದು ದಿನ ನಿಮ್ಮದೇ ಜಿಲ್ಲೆಯ ಥಿಯೇಟರ್ ಒಳಗೆ ಕಳಿಸಿ. ಅಲ್ಲಿ ಅರಿವಳಿಕೆ ಡಾಕ್ಟರ್ ಪಕ್ಕದಲ್ಲಿ ಅನಸ್ತೇಶಿಯಾ ಟೆಕ್ನಾಲಜಿ ಓದಿದ ಒಬ್ಬ ಹುಡುಗ ಅಥವಾ ಹುಡುಗಿ ಇರುತ್ತಾರೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿಎಸ್ಸಿ ಕೋರ್ಸ್ ಅದು. ಮಷೀನ್ ಚೆಕ್, ಔಷಧಿ ತಯಾರಿ, ಟ್ಯೂಬ್ ಕೈಗೆ ಕೊಡುವುದು, ನಾನು ಬೆಳಗ್ಗೆ ಮಾಡುವ ಅರ್ಧ ಕೆಲಸ ಅವರೇ ಮಾಡುತ್ತಾರೆ. 2021ರಲ್ಲಿ ಇಂಥವರಿಗಾಗಿ ಕೇಂದ್ರದ ಕಾನೂನೇ ಬಂದಿದೆ. ತಿಂಗಳಿಗೆ ಎಷ್ಟು ಸಂಬಳ ಅಂತ ಅವರನ್ನೇ ಕೇಳಿ, ಅದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ. ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರ್ ರಜೆಯಲ್ಲಿದ್ದಾರೆ ಅಂತ ಹೆರಿಗೆ ನೋವಿನ ಹೆಂಗಸನ್ನು ಆಂಬುಲೆನ್ಸ್ ಹತ್ತಿಸಿ ಜಿಲ್ಲಾಸ್ಪತ್ರೆಗೆ ಕಳಿಸುವುದು ಎಷ್ಟು ಸಲ ಆಗುತ್ತದೆ ಅಂತಲೂ ಕೇಳಿ. ಇದಕ್ಕೇ ಅಂತ ಎಂಬಿಬಿಎಸ್ ಡಾಕ್ಟರುಗಳಿಗೆ ಕೆಲವು ತಿಂಗಳ ಅರಿವಳಿಕೆ ತರಬೇತಿ ಕೊಡುವ ಯೋಜನೆ ಇದೆ. ಅದನ್ನು ಮುಗಿಸಿ ಬಂದವರು ಈಗ ಥಿಯೇಟರಿನಲ್ಲಿ ಇದ್ದಾರಾ, ಇಲ್ಲಾ ಹೊರರೋಗಿ ವಿಭಾಗದಲ್ಲಿ ಜ್ವರದ ಚೀಟಿ ಬರೆಯುತ್ತಿದ್ದಾರಾ ಅಂತ ನೋಡಿ. ನಮ್ಮಲ್ಲೂ ನರ್ಸ್‌ಗಳಿಗೇ ಈ ಕೆಲಸ ಕೊಡಿ ಅಂತ ಇಲ್ಲಿನ ಕೆಲವು ಗೆಳತಿಯರು ಹೇಳುತ್ತಾರೆ. ನನಗಂತೂ ಧೈರ್ಯ ಇಲ್ಲ. ಮೂರು ವರ್ಷದ ಓದು ಕೊಡದೆ ಹೆಸರು ಮಾತ್ರ ಕೊಟ್ಟುಬಿಟ್ಟರೆ ಅಂತ ಭಯ. ಮೊದಲೇ ನಮ್ಮೂರಲ್ಲಿ ಬರುವ ಸೊಂಟ ನೋವೆಲ್ಲ ಸಿಸೇರಿಯನ್‌ನಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ ತಲೆಗೇ ಕಟ್ಟುತ್ತಾರೆ.

ಇಂತಿ ನಿಮ್ಮ ಹಳೇ ಓದುಗಾರ್ತಿ,
ಅಯೋವಾ, ಅಮೆರಿಕ

ವಿ.ಸೂ.: ದಯವಿಟ್ಟು ನನ್ನ ಹೆಸರು ಹಾಕಬೇಡಿ. ಹಾಕಿದರೆ ನಮ್ಮೂರಿಂದ ಇನ್ನೂ ನಲವತ್ತು ಬಯೋಡೇಟಾ ಬರುತ್ತವೆ, ಎರಡು ಮದುವೆ ಪ್ರಸ್ತಾಪವೂ. ಏಜೆಂಟ್‌ಗೆ ಅಡ್ವಾನ್ಸ್ ಕೊಡಬೇಡ ಅಂತ ಅಕ್ಕನಿಗೆ ಹೇಳಿದ್ದೇನೆ. ಭಾವ ಇನ್ನೂ ಒಪ್ಪಿಲ್ಲ, ನಿಮ್ಮ ಪತ್ರಿಕೆಯಲ್ಲಿ ಬಂದರೆ ಒಪ್ಪುತ್ತಾರಂತೆ.